ಹಾಡೋಕಾಗದವರು ಮೇಷ್ಟ್ರಾಗ್ತಾರಂತೆ

ಎಂಬತ್ತರ ದಶಕದ ಮೊದಲಲ್ಲಿ, ಕಡೂರಿನಿಂದ ತರೀಕೆರೆಗೆ ಹೋಗುವ ರೈಲಿನಲ್ಲಿ ನನ್ನೆದುರು ಒಬ್ಬ ಜರ್ಮನ್ ಹೆಂಗಸು ಕೂತಿದ್ದರು. ಇಬ್ಬರೂ ಹರುಕುಮುರುಕು ಇಂಗ್ಲಿಷಿನಲ್ಲಿ ಮಾತಾಡಿದೆವು. ಒಂದು ಕಾಲಕ್ಕೆ ಅವರು ತಮ್ಮ ದೇಶದಲ್ಲಿ ಹೆಸರು ಮಾಡಿದ ಪಾಪ್ ಗಾಯಕಿ. ಈಗ ಮಕ್ಕಳಿಗೆ ಹಾಡು ಕಲಿಸುತ್ತಾರಂತೆ. ಈ ಕೆಲಸವೇ ಹೆಚ್ಚು ಇಷ್ಟ ಎಂದರು.

ಪಕ್ಕದಲ್ಲಿದ್ದ ಕೊಬ್ಬರಿ ವ್ಯಾಪಾರಿಯೊಬ್ಬರು ಏನು ವಿಷಯ ಎಂದು ಕೇಳಿದರು. ಹೇಳಿದೆ.

"ಗಂಟಲು ಹೋಗಿರ್ಬೇಕು ಕಣ್ರೀ. ಹಾಡೋಕಾಗ್ದೋರು ತಾನೇ ಮೇಷ್ಟ್ರಾಗೋದು" ಎಂದು ನಕ್ಕರು.

ಆಕೆ ಏನಂದರೆಂದು ಕೇಳಿದಾಗ, ನಾಚಿಕೆಯಾಗಿ, ನಿಮ್ಮನ್ನು ಹೊಗಳಿದರು ಎಂದೆ. ಆಕೆ ಅವರಿಗೆ ಕೈಮುಗಿದರು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು.

"ನಾನೂ ಸಂಗೀತದ ಮೇಷ್ಟ್ರೇ ಸ್ವಾಮಿ. ಹಾಡೋಕೆ ಬರ್ದೆ ಹೆಂಗೆ ಕಲಿಸ್ಲಿ?"

ವ್ಯಾಪಾರಿ ಹತ್ತಿರ ಸರಿದರು. "ಮೇಷ್ಟ್ರೇ, ಮುಂದಿನ ತಿಂಗಳು ನಮ್ಮ ಹುಡುಗೀನ ನೋಡೋಕೆ ಬತ್ತಾರೆ. ಎರಡು ಹಾಡು ಕಲಿಸ್ಕೊಡ್ತೀರಾ?"

ಸಿಟ್ಟು ಅಪ್ಪನ ಮೇಲಿತ್ತು, ಹುಡುಗಿಯ ಮೇಲಲ್ಲ. ಕಲಿಸಿದೆ. ಚೆನ್ನಾಗಿ ಹಾಡಿದಳಂತೆ. ಕಲಿಸಿದವರು ಯಾರೆಂದು ಗಂಡಿನ ಕಡೆಯವರು ಕೇಳಿದ್ದಕ್ಕೆ, "ಯಾರೂ ಇಲ್ಲ, ಹುಟ್ಟಿನಿಂದ್ಲೇ ಬಂದಿದ್ದು" ಎಂದರಂತೆ ಆ ಮಹಾನುಭಾವರು.