ನಲವತ್ತೊಂಬತ್ತನ್ನು ನಲವತ್ತೇಳು ಎಂದು ಬರೆದವನು

ನನ್ನ ಹೆಂಡತಿ ವಸುಧಾ ಈಚೆಗೆ ಎಡಕ್ಕೆ ಮಾತ್ರ ತಿರುಗುತ್ತಾಳೆ. ಗ್ರೋಸರಿ ಅಂಗಡಿಗೆ ಹೋದರೆ ಮೊದಲು ಎಡಗಡೆಯ ಸಾಲು, ಅದರ ತುದಿಯಲ್ಲಿ ಮತ್ತೆ ಎಡ, ಮತ್ತೆ ಎಡ. ಬಾಗಿಲ ಬಲಕ್ಕೇ ಇರುವ ಹಾಲು ಮೊಸರಿಗೆ ಇಡೀ ಅಂಗಡಿ ಸುತ್ತಿ ಬರುತ್ತೇವೆ. ಒಂದು ತಿಂಗಳು ಗಮನಿಸಿ, ಖಚಿತವಾದ ಮೇಲೆಯೇ ನಾನು ಈ ಮಾತು ತೆಗೆದೆ. "ಓವಲ್ ಮೇಲೆ ಬಲಕ್ಕೆ ತಿರುಗೋರು ಯಾರೂ ಇಲ್ಲ ರೀ," ಎಂದಳು. ಅಷ್ಟಕ್ಕೆ ಮಾತು ಮುಗಿಯಿತು.

ಓವಲ್ ಎಂದರೆ ನಾನೂರು ಮೀಟರ್ ಸುತ್ತಳತೆಯ ಮಂಜುಗಡ್ಡೆಯ ದಾರಿ. ಆರು ವರ್ಷದ ಹಿಂದೆ ಮಗಳು ಅದಿತಿಯನ್ನು ನಮ್ಮೂರಿನ ಚಿಕ್ಕ ಮಂಜುಗಡ್ಡೆ ಅಂಗಳದ ಸ್ಕೇಟಿಂಗ್ ಕ್ಲಾಸಿಗೆ ಬಿಡಲು ಹೋದ ವಸುಧಾ, ಗಾಜಿನ ಆಚೆ ಕೂತು ಕಾಫಿ ಕುಡಿಯುವುದು ಬೇಜಾರೆಂದು ತಾನೂ ಬಾಡಿಗೆ ಬೂಟು ಕಟ್ಟಿಕೊಂಡಳು. ಅದಿತಿ ಮೂರು ತಿಂಗಳಿಗೆ ಬಿಟ್ಟಳು, ತಾಯಿ ಬಿಡಲಿಲ್ಲ. ಈಗ ಐವತ್ತೆರಡನೇ ವಯಸ್ಸಿನಲ್ಲಿ ಹಿರಿಯರ ಕ್ಲಬ್ಬೊಂದರ ಪರವಾಗಿ ಮಹಿಳೆಯರ ಮೂರು ಸಾವಿರ ಮೀಟರ್ ಓಡುತ್ತಾಳೆ. ಏಳೂವರೆ ಸುತ್ತು.

ಇದನ್ನು ಜನಕ್ಕೆ ತಿಳಿಸಿ ಹೇಳುವುದು ಸುಲಭವಲ್ಲ. ಈ ಪರದೇಶದಲ್ಲಿ ನಮ್ಮವರೆಲ್ಲ ಸೇರುವ ಲಿವರ್‌ಮೋರ್ ದೇವಸ್ಥಾನದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಮಂಗಳೂರಿನ ಶಕುಂತಳಕ್ಕ ಕೇಳಿದರು, "ಫ್ರಾಕ್ ಹಾಕಿಕೊಂಡು ಗಿರಗಿರ ತಿರುಗ್ತಾರಲ್ಲ, ಅದಾ ಮಾರಾಯ್ರೇ?"

"ಅದಲ್ಲ ಅಕ್ಕ. ಇದು ಬಗ್ಗಿಕೊಂಡು ಜೋರಾಗಿ ಹೋಗೋದು."

"ಬಗ್ಗೋದು ಯಾಕೆ? ಏನಾದ್ರೂ ಬಿದ್ದುಹೋಗಿದೆಯಾ?"

ನಾನು ಗಾಳಿಯ ತಡೆ, ತೊಡೆಯ ಬಲ ಎಂದೆಲ್ಲ ವಿವರಿಸುವಷ್ಟರಲ್ಲಿ ಅವರು ಪುಳಿಯೋಗರೆ ತಲುಪಿದ್ದರು.

ನಮ್ಮ ಕಡೆ ಇಂಥ ಓವಲ್ ಇಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ಪಾಲೋ ಆಲ್ಟೋದ ಖಾಲಿ ಆಫೀಸು ಪಾರ್ಕಿಂಗಿನಲ್ಲಿ ಗಾಲಿಯ ಬೂಟಿನ ಅಭ್ಯಾಸ. ಉಳಿದ ದಿನ ಗರಾಜಿನಲ್ಲಿ ನುಣುಪು ಹಲಗೆಯ ಮೇಲೆ ಕಾಲುಚೀಲ ಹಾಕಿಕೊಂಡು ಆ ಕಡೆಯಿಂದ ಈ ಕಡೆಗೆ ಜಾರುವುದು. ಕಾರು ಆರು ವರ್ಷದಿಂದ ಬಿಸಿಲಲ್ಲಿದೆ. ಸ್ಪರ್ಧೆಗೆ ಸಾಲ್ಟ್ ಲೇಕ್ ಸಿಟಿಗೆ ವಿಮಾನ ಹತ್ತಬೇಕು. ಈ ಚಳಿಗಾಲದಲ್ಲಿ ಮೂರು ಸ್ಪರ್ಧೆಗಳಿದ್ದವು. ಕ್ಲಬ್ಬಿನ ನಿಯಮ ಸರಳ: ಮೂರು ಸಾವಿರ ಮೀಟರನ್ನು ಆರು ನಿಮಿಷದೊಳಗೆ ಮುಗಿಸಿದವಳಿಗೆ ಮಾತ್ರ ಮುಂದಿನ ವರ್ಷ ಐದು ಸಾವಿರಕ್ಕೆ ಅವಕಾಶ. ವಸುಧಾಗೆ ಬೇಕಾಗಿದ್ದದ್ದು ಆ ಐದು ಸಾವಿರ. ಹೆಂಗಸರ ಓಟಗಳಲ್ಲಿ ಅದೇ ಅತಿ ಉದ್ದದ್ದು.

ನನ್ನದು ಹಲಗೆ ಹಿಡಿಯುವ ಕೆಲಸ. ಓಡುವವಳು ಗೆರೆ ದಾಟಿದಾಗ ಅವಳ ಸುತ್ತಿನ ಸಮಯ ಗೋಡೆಯ ಫಲಕದಲ್ಲಿ ಬರುತ್ತದೆ. ಆದರೆ ಅದು ಬರುವ ಹೊತ್ತಿಗೆ ಅವಳು ಅದಕ್ಕೆ ಬೆನ್ನು ಹಾಕಿರುತ್ತಾಳೆ. ಎದುರು ಬದಿಯಲ್ಲಿ ನಿಂತ ನಾನು ಅದನ್ನು ಓದಿ, ಬಿಳಿ ಹಲಗೆಯ ಮೇಲೆ ದೊಡ್ಡದಾಗಿ ಬರೆದು, ಅವಳು ನನ್ನ ಮುಂದೆ ಹಾಯುವಾಗ ತೋರಿಸಬೇಕು. ನಲವತ್ತೇಳು ಸೆಕೆಂಡಿನ ಆಸುಪಾಸು ಇದ್ದರೆ ಕ್ಷೇಮ. ಅಳತೆಯ ಉಪಕರಣಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಪರೀಕ್ಷಿಸುವುದೇ ನನ್ನ ವೃತ್ತಿ. ಈ ಹುದ್ದೆಗೆ ನನಗಿಂತ ಯೋಗ್ಯರು ಸಿಗಲಾರರು ಎಂದು ಎಲ್ಲರೂ, ಮುಖ್ಯವಾಗಿ ನಾನು, ನಂಬಿದ್ದೆವು.

ನಿಂತಲ್ಲಿಂದ ನಾನು ಕಂಡ ಒಂದು ಸೊಗಸು ಹೇಳಬೇಕು. ಒಮ್ಮೆಗೆ ಇಬ್ಬರು ಓಡುತ್ತಾರೆ, ಒಬ್ಬಳು ಒಳದಾರಿಯಲ್ಲಿ, ಒಬ್ಬಳು ಹೊರದಾರಿಯಲ್ಲಿ. ಅನ್ಯಾಯವಾಗದಿರಲೆಂದು ಪ್ರತಿ ಸುತ್ತಿನಲ್ಲೂ ನನ್ನ ಮುಂದೆಯೇ ದಾರಿ ಅದಲುಬದಲು ಮಾಡಿಕೊಳ್ಳುತ್ತಾರೆ. ಇಬ್ಬರೂ ಒಟ್ಟಿಗೆ ಬಂದುಬಿಟ್ಟರೆ ಒಳಗಿನಿಂದ ಬಂದವಳು ಹೊರಗಿನವಳಿಗೆ ದಾರಿ ಬಿಡಬೇಕು. ಹೆಚ್ಚು ದೂರ ಸುತ್ತಿ ಬಂದವಳಿಗೆ ಮೊದಲ ಹಕ್ಕು. ಲಾಸ್ ಗ್ಯಾಟೋಸ್ ಕಡೆಯ ಫ್ರೀವೇನಲ್ಲಿ ಇಪ್ಪತ್ತು ವರ್ಷ ಕಾರು ಓಡಿಸಿದ ನನಗೆ ಇದು ಬೇರೆ ಲೋಕದ ನಾಗರಿಕತೆಯಂತೆ ಕಂಡಿತು.

ಮೊದಲ ಸ್ಪರ್ಧೆಯ ಐದನೇ ಸುತ್ತಿನಲ್ಲಿ ವಸುಧಾ ಬಿದ್ದಳು. ತಿರುವಿನಲ್ಲಿ ಎಡಗಾಲಿನ ಬ್ಲೇಡು ಹಿಡಿತ ಬಿಟ್ಟಿತು, ಸೊಂಟ ತಾಗಿತು, ಆಮೇಲೆ ಅವಳು ಬೆನ್ನ ಮೇಲೆ ಜಾರುತ್ತಾ ಹೋಗಿ ಅಂಚಿನ ಮೆತ್ತೆಗೆ ಬಡಿದಳು. ಬಿದ್ದ ಕ್ಷಣದಿಂದ ಬಡಿದ ಕ್ಷಣದವರೆಗೆ ಬಹಳ ಹೊತ್ತು ಹಿಡಿಯಿತು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ, ಮೂರು ಸೆಕೆಂಡೂ ಇರಲಾರದು ಎಂದು ಲೆಕ್ಕ ಹಾಕಿಯೂ ಹೇಳಬಲ್ಲೆ. ಓಡೋಣವೆಂದರೆ ಕೆಳಗೆ ಮಂಜುಗಡ್ಡೆ, ಕಾಲಲ್ಲಿ ಸಾಧಾರಣ ಶೂ. ಬ್ಲೇಡು ತಾಗಿ ಮಂಡಿಗೆ ಆರು ಹೊಲಿಗೆ ಬಿತ್ತು. ಅವಳು ಎರಡು ವಾರದಲ್ಲಿ ಗರಾಜಿಗೆ ಮರಳಿದಳು. ನಾನು ಮಾತ್ರ ದಿನಾ ಬಾಗಿಲಲ್ಲಿ ನಿಂತು ಅವಳ ಮಂಡಿಯನ್ನೇ ನೋಡುತ್ತಿದ್ದೆ.

ಎರಡನೇ ಸ್ಪರ್ಧೆಯಲ್ಲಿ ನಾಲ್ಕನೇ ಸುತ್ತಿಗೆ ಫಲಕ ನಲವತ್ತೊಂಬತ್ತು ತೋರಿಸಿತು. ಇದನ್ನು ಕಂಡರೆ ಅವಳು ತಿರುವಿನಲ್ಲಿ ಮೈ ಮರೆತು ನುಗ್ಗುತ್ತಾಳೆ ಎಂದು ನನಗೆ ಗೊತ್ತಿತ್ತು. ನಾನು ನಲವತ್ತೇಳು ಎಂದು ಬರೆದೆ. ಐದನೆಯದೂ ನಲವತ್ತೊಂಬತ್ತು. ಮತ್ತೆ ನಲವತ್ತೇಳು ಎಂದೇ ಬರೆದೆ. ಅವಳು ನೋಡಿದಳು, ನಂಬಿದಳು, ಹದವಾಗಿ ಓಡಿದಳು. ಆರು ನಿಮಿಷದ ಮೇಲೆ ಅರ್ಧ ಸೆಕೆಂಡು ಹೆಚ್ಚಾಯಿತು.

ಓಟವಾದ ಮೇಲೆ ಎಲ್ಲರ ಸುತ್ತಿನ ಸಮಯಗಳ ಹಾಳೆಯನ್ನು ಗೋಡೆಗೆ ಅಂಟಿಸುತ್ತಾರೆ. ನನಗೆ ಅದು ನೆನಪೇ ಆಗಿರಲಿಲ್ಲ. ಸುಳ್ಳಿನಲ್ಲಿ ಪಳಗಿದವರು ಇಂಥ ತಪ್ಪು ಮಾಡುವುದಿಲ್ಲ. ವಸುಧಾ ಬೆರಳಿಟ್ಟು ಓದಿದಳು.

"ನಾಲ್ಕು, ಐದು, ಎರಡೂ ನಲವತ್ತೊಂಬತ್ತು ಇದೆ. ನೀವೇನು ತೋರಿಸಿದ್ರಿ?"

"ನಲವತ್ತೇಳು."

"ಕನ್ನಡಕ ಮಂಜಾಗಿತ್ತಾ?"

ಪಾಪ, ತಪ್ಪಿಸಿಕೊಳ್ಳುವ ದಾರಿ ಅವಳೇ ತೋರಿಸಿದ್ದಳು. "ಇಲ್ಲ," ಎಂದೆ. "ಸರಿಯಾಗಿ ಕಾಣಿಸ್ತಿತ್ತು."

ವಿಮಾನ ನಿಲ್ದಾಣದ ಕುರ್ಚಿಯಲ್ಲಿ ಕೂತು ಹೇಳಿದಳು, "ಇಪ್ಪತ್ತಾರು ವರ್ಷ ಸಾರು ಹೇಗಿದೆ ಅಂದ್ರೆ ಚೆನ್ನಾಗಿದೆ ಅಂತಲೇ ಹೇಳಿದೀರಿ. ಅದು ಅಡುಗೆಮನೆ, ನಡೀತು. ಐಸ್ ಮೇಲೆ ನಾನು ಹಿಂದೆ ತಿರುಗಿ ನೋಡೋ ಹಾಗಿಲ್ಲ ರೀ. ನೀವು ಬರೆದಿದ್ದೇ ನನಗೆ ನಿಜ."

"ಬೀಳ್ತೀಯ ಅಂತ ಹೆದರಿಕೆ ಆಯ್ತು."

"ಬೀಳೋದು ನನ್ನ ಕೆಲಸ. ಬರೆಯೋದು ನಿಮ್ಮದು."

ಫೋನಿನಲ್ಲಿ ಅದಿತಿಗೂ ವರದಿ ಹೋಯಿತು. ಕಾಲೇಜಿನಿಂದ ಅವಳು, "ಅಪ್ಪಾ, ಯೂ? ಆಫ್ ಆಲ್ ಪೀಪಲ್?" ಎಂದಳು. ಅವಳ ಅಮ್ಮನ ಮಾತಿಗಿಂತ ಅದೇ ಹೆಚ್ಚು ಚುಚ್ಚಿತು. ಮೂರನೇ ಸ್ಪರ್ಧೆಗೆ ಹಲಗೆ ಬೇರೆಯವರಿಗೆ ಕೊಡು ಎಂದು ನಾನೇ ವಸುಧಾಗೆ ಹೇಳಿದೆ. "ಬೇರೆಯವರ ಅಕ್ಷರ ನನಗೆ ಅಭ್ಯಾಸ ಇಲ್ಲ," ಎಂದಳು.

ಮಾರ್ಚಿನಲ್ಲಿ ಕೊನೆಯ ಸ್ಪರ್ಧೆ. ಮೊದಲ ಎರಡು ಸುತ್ತು ಚೆನ್ನಾಗಿದ್ದವು. ಮೂರನೆಯದು ನಲವತ್ತೊಂಬತ್ತು. ಬರೆದೆ. ನಾಲ್ಕನೆಯದು ಐವತ್ತು.

ಹಲಗೆ ಒರೆಸಿ, ಫಲಕವನ್ನು ಇನ್ನೊಮ್ಮೆ ಓದಿದೆ. ಅವಳ ಸ್ಕೇಟಿನ ಸದ್ದು ಹತ್ತಿರವಾಗುತ್ತಿತ್ತು. ಆ ಬೂಟುಗಳಲ್ಲಿ ಪ್ರತಿ ಹೆಜ್ಜೆಗೂ ಹಿಮ್ಮಡಿ ಬ್ಲೇಡಿನಿಂದ ಎದ್ದು ಮತ್ತೆ ಕೂರುತ್ತದೆ, ಹವಾಯಿ ಚಪ್ಪಲಿಯ ಹಾಗೆ ಚಟ್ ಚಟ್ ಎನ್ನುತ್ತದೆ. ಐವತ್ತು ಎಂದು ಬರೆದು ಎತ್ತಿ ಹಿಡಿದೆ. ಅವಳು ನೋಡಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ಸೊಂಟ ಮಾತ್ರ ಇನ್ನೆರಡು ಅಂಗುಲ ಕೆಳಗಿಳಿಯಿತು, ಮತ್ತು ಅವಳು ಬಿದ್ದಿದ್ದ ಅದೇ ತಿರುವಿನೊಳಗೆ ಹೋದಳು.

ಐದನೆಯದು ನಲವತ್ತೇಳು. ಆರು, ನಲವತ್ತಾರು. ಎರಡೂ ನಿಜ. ಏಳನೇ ಸುತ್ತಿನಲ್ಲಿ ನಾನು ಬರೆಯುವುದೇನೂ ಉಳಿದಿರಲಿಲ್ಲ. ಸುಮ್ಮನೆ ನಿಂತು ಫಲಕ ನೋಡಿದೆ. ಐದು ನಿಮಿಷ ಐವತ್ತೇಳು ಸೆಕೆಂಡು. ನಾನು ಎರಡು ಸಲ ಓದಿದೆ. ಮೂರನೇ ಸಲ ಕಣ್ಣು ಮಂಜಾಗಿತ್ತು, ಕನ್ನಡಕದ ತಪ್ಪಿರಲಿಲ್ಲ.

ವೇಗ ತಗ್ಗಿಸಿಕೊಂಡು, ಮಂಡಿಯ ಮೇಲೆ ಕೈಯೂರಿ, ಅವಳು ನಾನು ನಿಂತಲ್ಲಿಗೆ ಜಾರಿ ಬಂದಳು. ಉಸಿರು ಸಿಕ್ಕಲು ಸ್ವಲ್ಪ ಹೊತ್ತು ಬೇಕಾಯಿತು.

"ಐವತ್ತು ಅಂತ ನೋಡಿದಾಗ ನಿಮ್ಮನ್ನ ಬೈಕೊಂಡೆ ರೀ."

"ಸರಿಯಾಗೇ ಬರೆದಿದ್ನಲ್ಲೇ."

"ಅದಕ್ಕೇ ಬೈಕೊಂಡಿದ್ದು," ಎಂದು ನಕ್ಕಳು. "ಐದು ಸಾವಿರಕ್ಕೆ ಹನ್ನೆರಡೂವರೆ ಸುತ್ತು. ಅಷ್ಟು ಹೊತ್ತು ಧೈರ್ಯವಾಗಿ ನಿಂತಿರ್ತೀರಾ?"

ನಾನು ಯೋಚಿಸಿದೆ. ನನ್ನ ಸ್ವಭಾವವೇ ನಿಧಾನ. ಆಮೇಲೆ, ಧೈರ್ಯದ ವಿಷಯ ಹೇಳಲಾರೆ, ನಿಂತಿರುತ್ತೇನೆ ಎಂದೆ.