ಒಂದು ಮೊಳ ಹಗ್ಗ

ಬೆಳಿಗ್ಗೆ ನಲ್ಲಿ ನೀರು ಹಿಡಿದೆ. ನಮ್ಮವರ ಡಬ್ಬಿ ಕಟ್ಟಿದೆ. ಕಾಲೇಜಿಗೆ ಬಂದು ಕ್ರೀಡಾ ಕೊಠಡಿ ಗುಡಿಸಿ, ನಿಮ್ಮ ಬೀಳ್ಕೊಡುಗೆಗೆ ಕುರ್ಚಿ ಒರೆಸಿ, ಹಾರಕ್ಕೆ ನೀರು ಚಿಮುಕಿಸಿ ಮುಚ್ಚಿಟ್ಟೆ. ಇಷ್ಟೆಲ್ಲ ಮಾಡಿದವಳು ಒಂದು ಮಾತು ಮಾತ್ರ ಆಡಲಿಲ್ಲ — ಎಂಟು ವರ್ಷದ ಹಿಂದೆ ನಮ್ಮ ಬ್ಯಾಸ್ಕೆಟ್‌ಬಾಲ್ ಹುಡುಗಿಯರು ಫೈನಲ್ ಸೋತದ್ದು ನಿಮ್ಮಿಂದಲ್ಲ ಸರ್, ನನ್ನಿಂದ.

ಆಗ, ಎಪ್ಪತ್ತರ ದಶಕದಲ್ಲಿ, ನಮ್ಮದಿನ್ನೂ ಮಣ್ಣಿನ ಅಂಕಣ. ಸೋಮವಾರ ಸೋಮವಾರ ಅಳತೆ ಹಗ್ಗ ಎಳೆದು, ಅದರ ಗಂಟು ಬಂದಲ್ಲಿ ಸುಣ್ಣದ ಗೆರೆ ಹಾಕುವುದು ಅಟೆಂಡರ್ ಆದ ನನ್ನ ಕೆಲಸ. ಗಂಗಾನಗರದ ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗ ಮೊಳೆಗೆ ಎಟುಕಲಿಲ್ಲ ಅಂತ ಆ ಅಳತೆ ಹಗ್ಗದ ತುದಿಯಿಂದ ಒಂದು ಮೊಳ ಕತ್ತರಿಸಿಕೊಂಡೆ. ತುದಿ ತಾನೇ, ಏನಾದೀತು — ಅಂದುಕೊಂಡೆ. ಬುಟ್ಟಿಯ ಕೆಳಗಿನ ಗೂಟಕ್ಕೆ ಕಟ್ಟುವುದು ಅದೇ ತುದಿ, ಅಳತೆ ಶುರುವಾಗುವುದೇ ಅಲ್ಲಿಂದ ಅಂತ ಹೊಳೆಯಲಿಲ್ಲ. ಫೌಲ್ ಆದಾಗ ನಿಂತು ಎಸೆಯುವ ಫ್ರೀ ಥ್ರೋ ಗೆರೆ, ಬುಟ್ಟಿಗೆ ಒಂದು ಮೊಳ ಹತ್ತಿರ ಬಂದುಬಿಟ್ಟಿತು.

ಆ ವರ್ಷ ನಿಮಗೆ ಮಂಡಿ ನೋವು. ಗೆರೆಯ ಮೇಲೆ ನಿಂತು ತೋರಿಸಲಾಗದೆ ಸ್ಟೂಲಿನ ಮೇಲೆ ಕೂತೇ ಕಲಿಸಿದಿರಿ. "ಎಸೀಬೇಡ ಕಣಮ್ಮ, ಅಟ್ಟದ ಮೇಲೆ ಉಪ್ಪಿನಕಾಯಿ ಜಾಡಿ ಇಟ್ಟಂಗೆ ಇಟ್ಟು ಬಾ!" ಆ ನೋವಿನಲ್ಲೂ ಕೆಂಪಾಪುರದಿಂದ ಆರು ಗಂಟೆಗೆಲ್ಲ ಸೈಕಲ್ ತುಳಿದು ಬರುತ್ತಿದ್ದಿರಿ. ಯಾರು ತಿಂಡಿ ತಿಂದಿಲ್ಲ ಅಂತ ಓಟ ನೋಡಿಯೇ ಹೇಳುತ್ತಿದ್ದಿರಿ. ನಾಯಕಿ ಶಾರದೆಯ ಅಪ್ಪ "ಚಡ್ಡಿ ಹಾಕ್ಕೊಂಡು ಕುಣಿಯೋದೆಲ್ಲ ಬೇಡ" ಅಂದಾಗ ನಾಲ್ಕು ಭಾನುವಾರ ಅವರ ಜಗಲಿಯಲ್ಲಿ ಹೋಗಿ ಕೂತಿರಿ. ಐದನೆಯ ಭಾನುವಾರ ಅವರೇ ಮಗಳಿಗೆ ಬೂಟು ತಂದರು.

ಫೈನಲ್ ಬೇರೆ ಕಾಲೇಜಿನ ಸಿಮೆಂಟ್ ಅಂಕಣದಲ್ಲಿ. ಅಲ್ಲಿ ಗೆರೆ ಸರಿಯಾದ ಅಳತೆಗೇ ಇತ್ತು. ಶಾರದೆ ಎಸೆದ ಫ್ರೀ ಥ್ರೋ ಒಂದೊಂದೂ ರಿಂಗು ಮುಟ್ಟದೆ ಬಿತ್ತು. "ಏನ್ರೇ, ಮುದ್ದೆ ಉಂಡಿಲ್ವಾ?" ಅಂತ ಆ ಕಡೆಯವರು ನಕ್ಕರು. ಎರಡೇ ಪಾಯಿಂಟಿನಲ್ಲಿ ಸೋತೆವು. ಬಸ್ಸಿನಲ್ಲಿ ಅಳುತ್ತಿದ್ದವಳಿಗೆ ನೀವು ಹೇಳಿದಿರಿ — "ನಿಂದೇನಿಲ್ಲ ಕಣಮ್ಮ. ನಾನು ಕಲಿಸೋದ್ರಲ್ಲೇ ಐಬಿದೆ."

ಮರುದಿನ ಹಗ್ಗ ಬಿಚ್ಚಿ ಅಳೆದೆ. ಗೊತ್ತಾಯಿತು. ಹೇಳಲಿಲ್ಲ. ಗುಟ್ಟಾಗಿ ಒಂದು ಮೊಳ ಸೇರಿಸಿಟ್ಟೆ — ಆ ಮೊದಲಿನದಕ್ಕಿಂತ ಇದೇ ದೊಡ್ಡ ತಪ್ಪು. ಯಾಕೆಂದರೆ ಅದೇ ವಾರ ನೀವು ಫ್ರೀ ಥ್ರೋ ಕಲಿಸುವುದನ್ನು ಬಿಟ್ಟು, ಹಳೆಯ ಶಿಷ್ಯೆ ವಿಮಲಾಗೆ ಒಪ್ಪಿಸಿದಿರಿ. ಗೆರೆ ಸರಿಯಾಗಿತ್ತು, ಮುಂದಿನ ವರ್ಷ ಗೆದ್ದೆವು. "ನೋಡಿದ್ರಾ ಗಂಗವ್ವ, ನಾನು ಕೈಬಿಟ್ಟಿದ್ದೇ ಒಳ್ಳೇದಾಯ್ತು" ಅಂದಿರಿ.

ನಾನು "ಹೂಂ ಸರ್" ಅಂದೆ.

ಇವತ್ತು ಭಾಷಣದಲ್ಲೂ ಅದನ್ನೇ ಹೇಳಿದಿರಿ — ಇಪ್ಪತ್ತಾರು ವರ್ಷದಲ್ಲಿ ಅದೊಂದು ವಿದ್ಯೆ ಮಾತ್ರ ಕಲಿಸೋಕೆ ಬರಲಿಲ್ಲ ಅಂತ. ವಿನಯ ಅಂದುಕೊಂಡು ಎಲ್ಲರೂ ನಕ್ಕರು. ನಾನೂ ಚಪ್ಪಾಳೆ ತಟ್ಟಿದೆ.

ನಿಮಗೆ ಬರುತ್ತಿತ್ತು ಸರ್. ಚೆನ್ನಾಗಿಯೇ ಬರುತ್ತಿತ್ತು. ನಾಳೆ ನಿಮ್ಮ ಮನೆಗೆ ಬಂದು ಈ ಕಾಗದ ಕೈಗೆ ಕೊಟ್ಟು, ನೀವು ಓದಿ ಮುಗಿಸುವವರೆಗೂ ಅಲ್ಲೇ ನಿಂತಿರುತ್ತೇನೆ.

ಇವತ್ತು ರಾತ್ರಿ ಊಟಕ್ಕೆ ಅನ್ನ, ಬೇಳೆ ಸಾರು, ಸಮಾರಂಭದಲ್ಲಿ ಕೊಟ್ಟ ಮೈಸೂರುಪಾಕಿನಲ್ಲಿ ಅರ್ಧರ್ಧ. ಬಡಿಸುವಾಗ ನಮ್ಮವರಿಗೆ ಹೇಳಿಬಿಡೋಣ ಅನ್ನಿಸಿತು — ಬೇಡ, ಮೊದಲು ತಿಳಿಯಬೇಕಾದವರು ನೀವು. ಅವರು ಮಲಗಿದ ಮೇಲೆ ಕೂತು ಇದನ್ನು ಬರೆದೆ.