ಬಾಗಿಲ ಮುಂದಿನ ಹೀರೆಬಳ್ಳಿ

ಧನುರ್ಮಾಸ ಬಂತೆಂದರೆ ಆಗ ನಮ್ಮ ಹೊಳೆನರಸೀಪುರದ ಬೀದಿಯ ಹುಡುಗಿಯರಿಗೆ ನಿದ್ದೆ ಇರುತ್ತಿರಲಿಲ್ಲ. ಚಳಿಯಲ್ಲಿ ನಡುಗುತ್ತಾ ಬಾಗಿಲಿಗೆ ನೀರು ಹಾಕಿ, ಸಾರಿಸಿ, ತೆಂಗಿನ ಚಿಪ್ಪಿನಲ್ಲಿ ರಂಗೋಲಿ ಪುಡಿ ಹಿಡಿದು ಕೂತುಬಿಡುತ್ತಿದ್ದೆವು. ಒಳಗೆ ಹುಗ್ಗಿಗೆ ಮೆಣಸು ಕುಟ್ಟುವ ಘಾಟು, ಹೊರಗೆ ಹೊಳೆಯ ಕಡೆಯಿಂದ ಬರುವ ಮಂಜು. ರಂಗೋಲಿ ಮುಗಿದ ಮೇಲೆ ಅದರ ನಡುವೆ ಸಗಣಿ ಉಂಡೆ ಇಟ್ಟು ಕುಂಬಳದ ಹೂವು ಸಿಕ್ಕಿಸಬೇಕು. ಆಮೇಲೆ ಕೈ ತೊಳೆಯುವ ನೆಪದಲ್ಲಿ ಅಕ್ಕಪಕ್ಕದ ಬಾಗಿಲುಗಳನ್ನು ಕದ್ದು ನೋಡಿ ಬರಬೇಕು.

ನಮ್ಮ ಮನೆಯ ಬಾಗಿಲು ನನ್ನದು. ಅಮ್ಮ ಅದನ್ನು ನನಗೆ ಬಿಟ್ಟುಕೊಟ್ಟಾಗಿತ್ತು. ಚುಕ್ಕಿ ಇಟ್ಟು, ಎಣಿಸಿ, ತಪ್ಪಿಲ್ಲದೆ ಕಮಲ ಬಿಡುತ್ತಿದ್ದೆ.

ಆ ವರ್ಷ ಅತ್ತೆ ಬಾಣಂತನಕ್ಕೆಂದು ನುಗ್ಗೇಹಳ್ಳಿಯಿಂದ ತವರಿಗೆ ಬಂದರು. ಜೊತೆಗೆ ಮಗಳು ಶಾರದೆ. ನನಗಿಂತ ಒಂದು ವರ್ಷ ದೊಡ್ಡವಳು, ಮಗಳ ಮಗಳೆಂದು ಅಜ್ಜಿಗೆ ಕಣ್ಮಣಿ. ಬಂದ ಮಾರನೆಯ ದಿನವೇ ಅಜ್ಜಿ, ಒಂದು ದಿನ ಅವಳೂ ಹಾಕಲಿ ಬಿಡೇ ಎಂದರು. ಶಾರದೆ ಚುಕ್ಕಿಯನ್ನೇ ಇಡಲಿಲ್ಲ. ಮೂಲೆಯಿಂದ ಒಂದು ಎಳೆ ಹೊರಡಿಸಿದಳು. ಅದು ಬಾಗಿ, ಸುರುಳಿ ಬಿಟ್ಟು, ಎಲೆ ಚಾಚಿ, ಹೊಸ್ತಿಲವರೆಗೆ ಹಬ್ಬಿತು. ನಮ್ಮ ಹಿತ್ತಲಿನ ಹೀರೆಬಳ್ಳಿಯೇ.

ಹಾಲಿನ ಕೆಂಪಮ್ಮ ದಿನವೂ ನನ್ನ ಕಮಲದ ಮೇಲೆ ಕಾಲಿಟ್ಟೇ ಒಳಗೆ ಬರುತ್ತಿದ್ದಳು. ಅಂದು ಕ್ಯಾನು ಹಿಡಿದು ಅಲ್ಲೇ ನಿಂತಳು.

“ಯಾರವ್ವ ಇದ ಬುಟ್ಟೋರು? ತುಳ್ಯಕ್ಕೆ ಮನ್ಸೇ ಬರಕಿಲ್ಲ ಕಣವ್ವ,” ಎಂದವಳು ಗೋಡೆಗೆ ಅಂಟಿಕೊಂಡು ಸುತ್ತಿ ಬಂದಳು.

ಅವಳು ಸುತ್ತಿ ಬಂದ ಆ ನಾಲ್ಕು ಹೆಜ್ಜೆ ನನ್ನ ಹೊಟ್ಟೆಯ ಮೇಲೆ ಇಟ್ಟಂತಿತ್ತು. ಅಂದಿನಿಂದ ಬಾಗಿಲು ಶಾರದೆಯ ಪಾಲಾಯಿತು. ಯಾರೂ ಹಾಗೆಂದು ಹೇಳಲಿಲ್ಲ. ಬೆಳಗಾದರೆ ಅಜ್ಜಿ ಚಿಪ್ಪನ್ನು ಅವಳ ಕೈಗೆ ಕೊಡುತ್ತಿದ್ದರು, ಅಷ್ಟೇ. ನನಗೆ ತುಳಸಿಕಟ್ಟೆ.

ಎಲ್ಲಿ ಕಲಿತೆ ಎಂದು ಕೇಳಲು ಮನಸ್ಸಿರಲಿಲ್ಲ, ಆದರೂ ಕೇಳಿದೆ. ಅವಳು ಹಿತ್ತಲಲ್ಲಿ ಕೂತು ಹೀರೆಯ ಕುಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

“ನಮ್ಮೂರ ದೇವಸ್ಥಾನದ ಗೋಡೆ ಮೇಲೆ ಕಲ್ಲಲ್ಲೇ ಬಳ್ಳಿ ಹಬ್ಸಿದಾರೆ ಕಣೇ. ಅವ್ರೂ ಯಾರ್ದೋ ಹಿತ್ತಲಲ್ಲಿ ನೋಡೇ ಕೆತ್ತಿರ್ತಾರೆ.”

ಇದೇ ಹಿತ್ತಲಲ್ಲಿ ನಾನು ಹುಟ್ಟಿ ಬೆಳೆದವಳು. ಇದೇ ಹೀರೆಕಾಯಿ ಕಿತ್ತು ಅಮ್ಮನಿಗೆ ಕೊಟ್ಟವಳು. ನನಗೆ ಕಾಯಿ ಕಂಡಿತ್ತು, ಬಳ್ಳಿ ಕಂಡಿರಲಿಲ್ಲ. ಅದಕ್ಕೇ ಇನ್ನಷ್ಟು ಉರಿಯಿತು.

ಒಂದು ರಾತ್ರಿ ಮಲಗುವಾಗ ನಿಶ್ಚಯಿಸಿದೆ: ನಾಳೆ ಅವಳಿಗಿಂತ ಮೊದಲು ಏಳಬೇಕು. ಅಂದು ಸಂಜೆ ಅಪ್ಪ ಬಾಳೆ ಎಲೆ ತಂದಿದ್ದರು. ಅಮ್ಮ ಮಡಿಬಟ್ಟೆ ಒಣಗಹಾಕಿದ್ದಳು. ನಾಳೆ ಹುಗ್ಗಿ ಇಲ್ಲ ಎಂದು ಅಜ್ಜಿ ಹೇಳಿದ್ದೂ ಕಿವಿಗೆ ಬಿದ್ದಿತ್ತು. ತಲೆಯಲ್ಲಿ ಮಾತ್ರ ಬಾಗಿಲೊಂದೇ ಇತ್ತು. ಮಬ್ಬು ಹರಿಯುವ ಮೊದಲೇ ಎದ್ದು ಬಾಗಿಲು ಸಾರಿಸಿ, ಬೀದಿ ಅಂಚಿನವರೆಗೂ ಕಮಲದ ಕೊಳ ಬಿಟ್ಟೆ. ಎರಡು ಹಂಸ, ಸುತ್ತ ಎಲೆ, ಕೆಮ್ಮಣ್ಣಿನ ಅಂಚು. ಅಂಥದ್ದನ್ನು ನಾನು ಹಿಂದೆ ಬಿಟ್ಟಿರಲಿಲ್ಲ, ಮುಂದೆಯೂ ಬಿಡಲಿಲ್ಲ. ಶಾರದೆ ಎದ್ದಿಲ್ಲವೆಂದು ಒಳಗೊಳಗೇ ಹಿಗ್ಗಿದೆ.

ಅಜ್ಜಿ ಹೊರಗೆ ಬಂದರು. ನಿಂತರು. ಬಯ್ಯಲಿಲ್ಲ.

“ಇವತ್ತು ನಿಮ್ಮ ತಾತನ ತಿಥಿ ಕಣೇ ಜಯಾ. ಬ್ರಾಹ್ಮಣರ ಊಟ ಆಗೋವರೆಗೂ ಬಾಗಿಲಿಗೆ ಒಂದೆಳೇನೂ ಹಾಕೋ ಹಾಗಿಲ್ಲ.”

ಅಮ್ಮ ಬಿಂದಿಗೆ ತಂದು ನೀರು ಸುರಿದಳು. ಹಂಸಗಳು ಚರಂಡಿಗೆ ಹೋದವು. ತಿರುಗಿ ನೋಡಿದರೆ ಶಾರದೆ ಒಳಬಾಗಿಲಿಗೆ ಒರಗಿ ನಿಂತಿದ್ದಳು. ಅವಳಿಗೆ ತಿಥಿ ನೆನಪಿತ್ತು.

ಮಧ್ಯಾಹ್ನ ಬ್ರಾಹ್ಮಣರು ಉಂಡು ಹೊರಟ ಮೇಲೆ ಅಜ್ಜಿ ಬಾಗಿಲು ಸಾರಿಸಿ ಶಾರದೆಯನ್ನು ಕರೆದರು. ಅವಳು ಚಿಪ್ಪನ್ನು ಮುಟ್ಟಲಿಲ್ಲ.

“ಜಯಾ ಹಾಕ್ಲಿ ಅಜ್ಜಿ. ಬೆಳಗ್ಗೆ ನೋಡ್ದೆ, ನೀರು ಹಾಕೋ ಮುಂಚೆ. ನಂಗೆ ಹಂಸ ಬರಲ್ಲ.”

ಅವಳು ಚುಚ್ಚಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಒಳ್ಳೆಯತನದಲ್ಲೂ ಅವಳೇ ಮುಂದೆ! ನನಗೇನೂ ಬೇಡ ಎಂದು ಹಿತ್ತಲಿಗೆ ನಡೆದೆ. ಅಲ್ಲಿಯೂ ಆ ಬಳ್ಳಿ ಇತ್ತು.

ಈಗ ಹಾಸನದಲ್ಲಿ ನನ್ನದೇ ಮನೆ, ನನ್ನದೇ ಬಾಗಿಲು. ಹೊಸ್ತಿಲ ಮುಂದೆ ಗ್ರಾನೈಟ್, ಅದರ ಮೇಲೆ ಅಂಗಡಿಯಿಂದ ತಂದ ಹೂಬಳ್ಳಿಯ ಸ್ಟಿಕ್ಕರ್ ರಂಗೋಲಿ. ಬೀದಿಗೆಲ್ಲ ಇಂಥದ್ದೇ. ಯಾರೂ ಯಾರ ಬಾಗಿಲನ್ನೂ ಕದ್ದು ನೋಡುವುದಿಲ್ಲ. ಹೋದ ತಿಂಗಳು ಮದುವೆಯೊಂದಕ್ಕೆ ಬಂದ ಶಾರದೆ ನಮ್ಮಲ್ಲೇ ಉಳಿದಿದ್ದಳು. ಚಪ್ಪಲಿ ಬಿಡುತ್ತಾ ಕೆಳಗೆ ನೋಡಿದಳು.

“ಹೂವೆಲ್ಲಾ ಅರಳ್ಬಿಟ್ಟಿದೆಯಲ್ಲೇ, ಒಂದು ಮೊಗ್ಗೂ ಇಲ್ಲ. ನಾಳೆಗೇನು ಮಾಡುತ್ತೆ ಈ ಬಳ್ಳಿ?”

ದಿನವೂ ಒರೆಸುವವಳು ನಾನು. ನನಗೆ ಕಂಡಿರಲಿಲ್ಲ. ಹಾಗಾದರೆ ನೀನೇ ಒಂದು ಬಿಡು ಎಂದು ಪುಡಿಯ ಡಬ್ಬಿ ತಂದುಕೊಟ್ಟೆ. ಅವಳು ಬಾಗಿಲು ಹಿಡಿದು ಕೂರಲು ನೋಡಿದಳು, ಮಂಡಿ ಬಗ್ಗಲಿಲ್ಲ. ನಗುತ್ತಾ ನೆಟ್ಟಗೆ ನಿಂತು ಡಬ್ಬಿಯನ್ನು ನನಗೇ ಕೊಟ್ಟಳು.

ನನ್ನ ಮಂಡಿ ಈಗಲೂ ಚೆನ್ನಾಗಿ ಬಗ್ಗುತ್ತದೆ. ಕೂತೆ. ಚಿಟಿಕೆ ಪುಡಿ ಹಿಡಿದೆ. ಬಳ್ಳಿ ಎಲ್ಲಿಂದ ಹೊರಡಬೇಕೆಂದು ತೋಚದೆ ಚುಕ್ಕಿ ಇಟ್ಟೆ.